ಸಂಘದ ಪುಸ್ತಕ ಯಾವ ಭಾಷೆಯಲ್ಲಿದೆ? ಧರ್ಮಪುರಿ ಸೀಮೆಯ ಸರ್ಕಾರಿ ನೆರವು ಮತ್ತು ನಮ್ಮ ಕನ್ನಡ ಮನೆಗಳು

ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳ ತವರು ನಮ್ಮ ಧರ್ಮಪುರಿ. 1989ರಲ್ಲಿ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವು ಪಡೆದು ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮವು ಮೊದಲ ಸಂಘಗಳನ್ನು ಕಟ್ಟಿದ್ದು ಇದೇ ಜಿಲ್ಲೆಯಲ್ಲಿ. ಅಂದು ಕೃಷ್ಣಗಿರಿ, ಹೊಸೂರು, ದೇನ್ಕನಿಕೋಟೆಗಳೂ ಧರ್ಮಪುರಿ ಜಿಲ್ಲೆಗೇ ಸೇರಿದ್ದವು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಇಲ್ಲಿ ಕೈಗೂಡಿದ ಪ್ರಯೋಗವು ಮುಂದೆ ಸೇಲಂ ಮೊದಲಾದ ಜಿಲ್ಲೆಗಳಿಗೆ ಹಬ್ಬಿ, 1997-98ರ ಹೊತ್ತಿಗೆ 'ಮಗಳಿರ್ ತಿಟ್ಟಂ' ಎಂಬ ಹೆಸರಿನಲ್ಲಿ ರಾಜ್ಯದ ಯೋಜನೆಯಾಯಿತು. ತಿಂಗಳಿಗೆ 1,000 ರೂಪಾಯಿಯ 'ಮಗಳಿರ್ ಉರಿಮೈ ತೊಗೈ' ಯೋಜನೆಗೆ ಅರ್ಜಿ ಪಡೆಯುವ ಶಿಬಿರವನ್ನು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು 2023ರ ಜುಲೈ 24ರಂದು ಆರಂಭಿಸಿದ್ದೂ ಇದೇ ಜಿಲ್ಲೆಯ ತೊಪ್ಪೂರಿನಲ್ಲಿ.

ಹಾಗಿರುವಾಗ ಸರ್ಕಾರದ ಯೋಜನೆಗಳು ನಮ್ಮ ಕಡೆ ಬರುವುದಿಲ್ಲವೆಂಬ ಮಾತನ್ನು ನಾವು ಸುಲಭವಾಗಿ ಆಡಲಾಗದು. ಯೋಜನೆಗಳು ಬಂದಿವೆ, ಕೆಲವು ಇಲ್ಲಿಂದಲೇ ಹೊರಟಿವೆ. ಕಾರಿಮಂಗಲಂ, ಪಾಲಕೋಡು, ಮಾರಂಡಹಳ್ಳಿ, ಪೆನ್ನಾಗರಂ ಕಡೆಯ ಕನ್ನಡ ಮನೆಗಳಿಗೆ ಅವು ಎಷ್ಟರ ಮಟ್ಟಿಗೆ ತಲುಪಿವೆ ಎಂಬುದೇ ಕೇಳಬೇಕಾದ ಪ್ರಶ್ನೆ. ರೈತರು, ಮೀನುಗಾರರು, ಹೆಂಗಸರು, ಯುವಕರು ಎಂಬ ನಾಲ್ಕು ವರ್ಗಗಳಿಗೂ ಇಂದು ದೊಡ್ಡ ಮೊತ್ತದ ನೆರವು ದೊರೆಯುವುದು ಹೆಚ್ಚಾಗಿ ಸಂಘದ ಮೂಲಕ. ಸಂಘವನ್ನು ಸರ್ಕಾರವೂ ಬ್ಯಾಂಕೂ ಅಳೆಯುವುದು ಅದರ ಪುಸ್ತಕಗಳ ಮೂಲಕ. ಆ ಪುಸ್ತಕವನ್ನು ಓದಬಲ್ಲವರು ಸಂಘದಲ್ಲಿ ಎಷ್ಟು ಮಂದಿ ಎಂಬುದರ ಮೇಲೆ ನೆರವಿನ ಹಣೆಬರಹ ನಿಂತಿದೆ.

ಹೆಂಗಸರ ಸಂಘ: ಸಾಲಕ್ಕಿಂತ ಮೊದಲು ಲೆಕ್ಕ

ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ನಿಯಮದಲ್ಲಿ 'ಪಂಚಸೂತ್ರ' ಎಂಬುದೊಂದಿದೆ. ತಪ್ಪದೆ ಸಭೆ ಸೇರುವುದು, ತಪ್ಪದೆ ಉಳಿತಾಯ ಮಾಡುವುದು, ಒಳಗಿನವರಿಗೆ ಸಾಲ ಕೊಡುವುದು, ಕಾಲಕ್ಕೆ ಸರಿಯಾಗಿ ಹಿಂದಿರುಗಿಸುವುದು, ಲೆಕ್ಕದ ಪುಸ್ತಕ ಬರೆಯುವುದು. ಈ ಐದನ್ನೂ ಪಾಲಿಸುವ ಸಂಘಕ್ಕೆ 20,000ದಿಂದ 30,000 ರೂಪಾಯಿಯವರೆಗೆ ಸುತ್ತುನಿಧಿ ದೊರೆಯುತ್ತದೆ. ಒಕ್ಕೂಟದ ಮೂಲಕ 2.5 ಲಕ್ಷ ರೂಪಾಯಿಯವರೆಗೆ ಸಮುದಾಯ ಹೂಡಿಕೆ ನಿಧಿಯುಂಟು. ಬ್ಯಾಂಕಿನಿಂದ 10 ಲಕ್ಷದವರೆಗೆ ಅಡಮಾನವಿಲ್ಲದ ಸಾಲವುಂಟು. 2021ರಿಂದ ಸಾಲ ಖಾತರಿಯ ವ್ಯವಸ್ಥೆಯಡಿ ಇದು 20 ಲಕ್ಷದವರೆಗೂ ಹೋಗಬಹುದು. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7.

ಈ ಶೇ. 7ರ ಬೆಲೆ ನಮ್ಮ ಮನೆಗಳಿಗೆ ತಿಳಿಯಬೇಕಾದರೆ ಖಾಸಗಿ ಕಿರುಸಾಲದ ಪಕ್ಕದಲ್ಲಿ ಅದನ್ನಿಟ್ಟು ನೋಡಬೇಕು. 25,000 ರೂಪಾಯಿ ಒಂದು ವರ್ಷ ಪೂರ್ತಿ ಬಾಕಿ ನಿಂತಿತೆಂದುಕೊಳ್ಳೋಣ. ಶೇ. 7ರಲ್ಲಿ ಬಡ್ಡಿ 1,750 ರೂಪಾಯಿ, ಶೇ. 24ರಲ್ಲಿ 6,000 ರೂಪಾಯಿ. ವ್ಯತ್ಯಾಸ 4,250 ರೂಪಾಯಿ. ಒಂದು ಮಗುವಿನ ವರ್ಷದ ಪುಸ್ತಕ, ಬಟ್ಟೆ, ಬಸ್ಸಿನ ಖರ್ಚು ಆ ವ್ಯತ್ಯಾಸದಲ್ಲಿ ಅಡಗಿದೆ. ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ಕಿರುಸಾಲದ ಬಡ್ಡಿಗಿದ್ದ ಮಿತಿಯನ್ನು ತೆಗೆದುಹಾಕಿ, ದರ ನಿಗದಿಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂಬ ಕಟ್ಟಳೆಯನ್ನಷ್ಟೇ ಇರಿಸಿತು. ವಸೂಲಿಯ ಕಿರುಕುಳ ಹೆಚ್ಚಿದಾಗ ಕರ್ನಾಟಕವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ಏಪ್ರಿಲಿನಲ್ಲಿ ತಮಿಳುನಾಡಿನ ವಿಧಾನಸಭೆಯೂ ಬಲವಂತದ ವಸೂಲಿಯನ್ನು ತಡೆಯುವ ಮಸೂದೆಯನ್ನು ಅಂಗೀಕರಿಸಿತು. ಗಡಿಯ ಎರಡೂ ಬದಿಯಲ್ಲಿ ಒಂದೇ ರೋಗ ಕಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾನೂನು ಕಿರುಕುಳವನ್ನು ತಡೆಯಬಹುದು. ಕಡಿಮೆ ಬಡ್ಡಿಯ ಸಾಲವನ್ನು ಅದು ಕೊಡಲಾರದು. ಅದನ್ನು ಕೊಡಬಲ್ಲದ್ದು ನೆಟ್ಟಗೆ ನಡೆಯುವ ಸಂಘ ಮಾತ್ರ. ಆದರೆ ನಮ್ಮ ಊರುಗಳಲ್ಲಿ ಹಲವು ಸಂಘಗಳ ನಡಾವಳಿ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಹೊರಗಿನವರೊಬ್ಬರು ಬರೆದುಕೊಡುತ್ತಾರೆ. ಹನ್ನೆರಡು ಮಂದಿ ಹೆಂಗಸರು ರುಜು ಹಾಕುತ್ತಾರೆ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ತಮ್ಮ ಹೆಸರಿನ ಮುಂದೆ ಎಷ್ಟು ಉಳಿತಾಯ, ಎಷ್ಟು ಬಾಕಿ ಎಂದು ಓದಿ ತಿಳಿಯಲು ಅವರಿಗೆ ಆಗದು. ಮನೆಮಾತು ಕನ್ನಡ, ಅವರು ಕಲಿತ ಅಷ್ಟಿಷ್ಟು ಅಕ್ಷರವೂ ಕನ್ನಡ. ಪುಸ್ತಕ ತಮಿಳಿನಲ್ಲಿ, ಬ್ಯಾಂಕಿನ ಪತ್ರ ಇಂಗ್ಲಿಷಿನಲ್ಲಿ. ಓದಲಾಗದ ಲೆಕ್ಕದ ಮೇಲೆ ಮೊದಲು ಅನುಮಾನ ಹುಟ್ಟುತ್ತದೆ, ಅನುಮಾನದಿಂದ ಜಗಳ, ಜಗಳದಿಂದ ಸಭೆ ನಿಲ್ಲುತ್ತದೆ. ಸಭೆ ನಿಂತ ಸಂಘಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಆಗ ಮನೆಬಾಗಿಲಿಗೆ ಬರುವುದು ವಾರದ ಕಂತಿನ ಕಿರುಸಾಲ.

ನಮ್ಮ ಶಾಲೆಗಳಿಗೂ ಈ ಸಂಘಗಳಿಗೂ ಇನ್ನೊಂದು ಸಂಬಂಧವಿದೆ. 2022ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 2023ರ ಆಗಸ್ಟಿನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ, 2024ರ ಜುಲೈಯಲ್ಲಿ ಗ್ರಾಮಾಂತರದ ಅನುದಾನಿತ ಶಾಲೆಗಳಿಗೂ ವಿಸ್ತರಿಸಿದ ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆಯಲ್ಲಿ ಅಡುಗೆ ಮಾಡುವವರು ಸ್ವಸಹಾಯ ಸಂಘಗಳ ಸದಸ್ಯೆಯರು. ಸಂಘದ ಪುಸ್ತಕ ಸರಿಯಿದ್ದ ಊರಿನ ತಾಯಂದಿರಿಗೆ ತಮ್ಮ ಮಕ್ಕಳ ಶಾಲೆಯಲ್ಲೇ ಕೆಲಸ ದೊರೆಯುವ ದಾರಿಯಿದೆ. ಸಂಘ ಮುಚ್ಚಿಹೋದ ಊರಿನಲ್ಲಿ ಆ ಕೆಲಸವೂ ಬೇರೆಯವರ ಪಾಲಾಗುತ್ತದೆ.

ರೈತರು: ಒಂಟಿಯಾಗಿ 6,000, ಒಟ್ಟಾಗಿ 18 ಲಕ್ಷ

ರೈತನಿಗೆ ಒಂಟಿಯಾಗಿ ಬರುವ ನೆರವು ಎಲ್ಲರಿಗೂ ತಿಳಿದದ್ದು. 2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಪ್ರಾಥಮಿಕ ಕೃಷಿ ಸಹಕಾರ ಸಂಘದಿಂದ ಪಡೆದ ಬೆಳೆಸಾಲವನ್ನು ಅವಧಿಯೊಳಗೆ ಕಟ್ಟಿದರೆ ತಮಿಳುನಾಡಿನಲ್ಲಿ ಬಡ್ಡಿಯಿಲ್ಲ. ಬೆಳೆವಿಮೆಯಲ್ಲಿ ಮುಂಗಾರು ಆಹಾರ ಬೆಳೆಗಳಿಗೆ ರೈತನ ಪಾಲು ಶೇ. 2, ಹಿಂಗಾರಿಗೆ ಶೇ. 1.5, ತೋಟದ ಬೆಳೆಗಳಿಗೆ ಶೇ. 5.

ಒಟ್ಟಾಗಿ ಬರುವ ನೆರವಿನ ಸ್ವರೂಪ ಬೇರೆ. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು 6,865 ಕೋಟಿ ರೂಪಾಯಿಯ ವೆಚ್ಚದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಬಯಲುಸೀಮೆಯಲ್ಲಿ ಕನಿಷ್ಠ 300 ಮಂದಿ ಸದಸ್ಯರು ಬೇಕು. ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ ಆಡಳಿತ ವೆಚ್ಚಕ್ಕೆಂದು 18 ಲಕ್ಷ ರೂಪಾಯಿಯವರೆಗೆ, ಸದಸ್ಯರ ಷೇರು ಹಣಕ್ಕೆ ಸರಿಸಾಟಿಯಾಗಿ ತಲಾ 2,000 ರೂಪಾಯಿಯಂತೆ ಗರಿಷ್ಠ 15 ಲಕ್ಷದವರೆಗೆ, ಅಲ್ಲದೆ 2 ಕೋಟಿಯವರೆಗಿನ ಸಾಲಕ್ಕೆ ಖಾತರಿ.

ಕಾರಿಮಂಗಲದ ಸಂತೆಯಲ್ಲಿ ತೆಂಗಿನಕಾಯಿ, ಪಾಲಕೋಡಿನ ಮಾರುಕಟ್ಟೆಯಲ್ಲಿ ಟೊಮೇಟೊ, ಧರ್ಮಪುರಿಯಲ್ಲಿ ರೇಷ್ಮೆಗೂಡು, ಹೊಲಗಳಲ್ಲಿ ರಾಗಿ. ಈ ಸೀಮೆಯ ಬೆಳೆಗಳು ಒಟ್ಟಾಗಿ ಮಾರಿದರೆ ಬೆಲೆ ಸಿಗುವಂಥವು. ಟೊಮೇಟೊ ಬೆಲೆ ಕುಸಿದ ದಿನ ಒಬ್ಬೊಬ್ಬನೇ ರೈತ ಹೊಲದಲ್ಲೇ ಬಿಟ್ಟು ಬರಬೇಕಾಗುತ್ತದೆ. ಸಂಸ್ಥೆಯಿದ್ದರೆ ಹೊಸೂರಿಗೋ ಬೆಂಗಳೂರಿಗೋ ಲಾರಿ ಕಳಿಸುವ ಶಕ್ತಿ ಬರುತ್ತದೆ. ರಾಗಿಯ ವಿಷಯದಲ್ಲಿ ಸರ್ಕಾರದ ನೀತಿಯೂ ನಮ್ಮ ಕಡೆಗೆ ವಾಲಿದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ನೇರ ಖರೀದಿ ಆರಂಭವಾಗಿದೆ. 2023ರಿಂದ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಏರ್ಪಾಡಾಯಿತು. 2022-23ರಲ್ಲಿ ಕ್ವಿಂಟಲಿಗೆ 3,578 ರೂಪಾಯಿಯಿದ್ದ ರಾಗಿಯ ಬೆಂಬಲ ಬೆಲೆ 2025-26ಕ್ಕೆ 4,886 ರೂಪಾಯಿಗೆ ಏರಿದೆ. ನಮ್ಮ ಅಜ್ಜಿಯರ ಕಾಲದ ಮುದ್ದೆಗೆ ಸರ್ಕಾರಿ ಬೆಲೆ ಬಂದಿರುವ ಕಾಲ ಇದು.

ಆದರೆ ಮೂರು ವರ್ಷ ಮುಗಿದ ಮೇಲೆ ಏನು? ರೈತ ಉತ್ಪಾದಕ ಸಂಸ್ಥೆಯನ್ನು ಕಂಪನಿಯಾಗಿ ನೋಂದಾಯಿಸಿದರೆ ಪ್ರತಿ ವರ್ಷ ಲೆಕ್ಕ ಪರಿಶೋಧನೆ ಆಗಬೇಕು, ಕಂಪನಿ ಕಾನೂನಿನಂತೆ ವಾರ್ಷಿಕ ವರದಿ ಸಲ್ಲಿಸಬೇಕು. ತಡವಾದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ ದಂಡ. ಸರ್ಕಾರ ನೇಮಿಸಿದ ಸಂಸ್ಥೆ ಕೈಹಿಡಿದು ನಡೆಸುವ ಅವಧಿ ಮುಗಿದ ಬಳಿಕ ಈ ಕೆಲಸವನ್ನು ನಿರ್ದೇಶಕರಾಗಿರುವ ರೈತರೇ ಮಾಡಬೇಕು. ಸಭೆಯ ನಡಾವಳಿ ಏನು ಹೇಳುತ್ತದೆಂದು ತಿಳಿಯದ ನಿರ್ದೇಶಕ ದಂಡ ಕಟ್ಟುವ ದಿನ ಮಾತ್ರ ನಿರ್ದೇಶಕನಾಗಿ ಉಳಿಯುತ್ತಾನೆ. ಆದುದರಿಂದ ಹೊಸ ಸಂಸ್ಥೆಗೆ ಷೇರು ಹಣ ಕಟ್ಟುವ ಮುನ್ನ ನಮ್ಮವರು ಒಂದು ಪ್ರಶ್ನೆ ಕೇಳಲೇಬೇಕು: ನಾಲ್ಕನೆಯ ವರ್ಷ ಪುಸ್ತಕ ಬರೆಯುವವರು ಯಾರು?

ಮೀನುಗಾರರು: ಸಮುದ್ರವಿಲ್ಲದವರ ಪಾಡು

ಮೀನುಗಾರರೆಂದರೆ ಕರಾವಳಿಯವರೆಂಬ ಭಾವನೆ ಕಚೇರಿಗಳಲ್ಲೂ ಬಲವಾಗಿದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧವಿದ್ದು, ಆ ಅವಧಿಗೆ ಕುಟುಂಬಗಳಿಗೆ ಪರಿಹಾರ ದೊರೆಯುತ್ತದೆ. ಹೊಗೇನಕಲ್ಲಿನ ಹರಿಗೋಲಿನವರಿಗೆ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಜಲಾಶಯದ ಹಿನ್ನೀರಿನಲ್ಲಿ ಬಲೆ ಬೀಸುವವರಿಗೆ, ಕೆರೆ ಹಿಡಿದು ಮೀನು ಸಾಕುವವರಿಗೆ ಆ ಲೆಕ್ಕ ಹೊಂದುವುದಿಲ್ಲ. ಕಾವೇರಿಯಲ್ಲಿ ಹೊಳೆ ಏರಿದಾಗ ಹರಿಗೋಲು ನಿಲ್ಲುತ್ತದೆ, ಬೇಸಿಗೆಯಲ್ಲಿ ಕೆರೆ ಬತ್ತುತ್ತದೆ. ಎರಡೂ ದುಡಿಮೆಯಿಲ್ಲದ ದಿನಗಳೇ.

ಒಳನಾಡಿನವರಿಗೆ ಇರುವ ಮುಖ್ಯ ಬಾಗಿಲು 2020ರ ಸೆಪ್ಟೆಂಬರಿನಲ್ಲಿ 20,050 ಕೋಟಿ ರೂಪಾಯಿಯ ಗಾತ್ರದಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ. ಹೊಂಡ ತೋಡಲು, ಮರಿ ಬಿಡಲು, ಐಸ್ ಪೆಟ್ಟಿಗೆಯ ಬೈಕು ಕೊಳ್ಳಲು ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40, ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60 ಸಹಾಯಧನ. 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಪಶುಪಾಲಕರಿಗೂ ಸಿಗುತ್ತಿದೆ. ಹೆಂಗಸರ ಹೆಸರಿನಲ್ಲಿ ಅರ್ಜಿ ಹಾಕಿದರೆ ಸಹಾಯಧನ ಶೇ. 20ರಷ್ಟು ಹೆಚ್ಚೆಂಬ ಸರಳ ಸಂಗತಿ ಹಲವು ಮನೆಗಳಿಗೆ ಗೊತ್ತಿಲ್ಲ.

ಇಲ್ಲಿಯೂ ತೊಡಕಿರುವುದು ನೀರಿನ ಹಕ್ಕಿನಲ್ಲಿ. ತಮಿಳುನಾಡಿನಲ್ಲಿ 40 ಹೆಕ್ಟೇರು ಅಥವಾ ಅದಕ್ಕೂ ಹೆಚ್ಚಿನ ಅಚ್ಚುಕಟ್ಟಿರುವ ಕೆರೆಗಳು ಜಲಸಂಪನ್ಮೂಲ ಇಲಾಖೆಯ ವಶದಲ್ಲಿವೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ಒಕ್ಕೂಟದ ವಶದಲ್ಲಿ. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವಾಗ ಹಣವುಳ್ಳ ಒಬ್ಬ ವ್ಯಾಪಾರಿ ಕೂಗಿದ ಬೆಲೆಗೆ ಹತ್ತು ಬಡ ಮನೆಗಳು ಸೇರಿದರೂ ನಿಲ್ಲಲಾರವು. ನೋಂದಾಯಿತ ಸಹಕಾರ ಸಂಘವಿದ್ದರೆ ಮಾತ್ರ ಎದುರು ನಿಲ್ಲುವ ಬಲ ಬರುತ್ತದೆ. ತುಂಬಲಹಳ್ಳಿ ಅಣೆಕಟ್ಟೆಯಂಥ ಜಲಾಶಯಗಳಿಗೆ ತೆನ್‌ಪೆಣ್ಣೆಯ ನೀರು ತರಬೇಕೆಂದು ರೈತರು ಕೇಳುವಾಗ, ಆ ನೀರಿನಲ್ಲಿ ಬೆಳೆಯುವ ಮೀನಿನ ಪಾಲೂ ಊರಿನ ಸಂಘಕ್ಕೇ ಇರಲೆಂದು ಅದೇ ಅರ್ಜಿಯಲ್ಲಿ ಕೇಳುವುದು ಜಾಣತನ.

ಯುವಕರು: ಬೆಂಗಳೂರಿನ ಬಸ್ಸಿಗೆ ಮುನ್ನ

ನಮ್ಮ ಶಾಲೆಗಳಿಂದ ಹೊರಬಂದ ಹುಡುಗರಲ್ಲಿ ಬಹಳ ಮಂದಿ ಹತ್ತಿರದ ಬೆಂಗಳೂರಿಗೋ ಹೊಸೂರಿನ ಕಾರ್ಖಾನೆಗಳಿಗೋ ಹೋಗುತ್ತಾರೆ. ಹೋಗಬಾರದೆಂದು ನಾವು ಹೇಳುವುದಿಲ್ಲ. ಕನ್ನಡ ಬಲ್ಲವನಿಗೆ ಬೆಂಗಳೂರು ಪರಸ್ಥಳವಲ್ಲ. ಆದರೆ ಯಾವ ಕುಶಲತೆಯೂ ಇಲ್ಲದೆ ಹೋದವನಿಗೂ ತರಬೇತಿ ಪಡೆದು ಹೋದವನಿಗೂ ಕೂಲಿಯಲ್ಲಿ ಬಹಳ ಅಂತರವಿದೆ. 15ರಿಂದ 35 ವಯಸ್ಸಿನ ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2022ರ ಮಾರ್ಚಿನಲ್ಲಿ ತಮಿಳುನಾಡು ಆರಂಭಿಸಿದ 'ನಾನ್ ಮುದಲ್ವನ್', ಆಹಾರ ಸಂಸ್ಕರಣೆಯ ಕಿರು ಉದ್ಯಮಕ್ಕೆ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುವ ಕೇಂದ್ರದ ಯೋಜನೆ ಇವೆಲ್ಲ ಇವೆ. ರಾಗಿ ಹುರಿಹಿಟ್ಟು, ಹುಣಸೆ, ಮಾವಿನ ತಿರುಳು, ತೆಂಗಿನೆಣ್ಣೆ ಈ ಕೊನೆಯ ಯೋಜನೆಗೆ ಹೇಳಿ ಮಾಡಿಸಿದ ಪದಾರ್ಥಗಳು.

ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಸರ್ಕಾರಿ ಶಾಲೆಗಳಲ್ಲಿ 6ರಿಂದ 12ರವರೆಗೆ ಓದಿ ಉನ್ನತ ಶಿಕ್ಷಣಕ್ಕೆ ಹೋಗುವ ಹೆಣ್ಣುಮಕ್ಕಳಿಗೆ 2022ರಿಂದ 'ಪುದುಮೈ ಪೆಣ್', ಗಂಡುಮಕ್ಕಳಿಗೆ 2024ರಿಂದ 'ತಮಿಳ್ ಪುದಲ್ವನ್' ಹೆಸರಿನಲ್ಲಿ ತಿಂಗಳಿಗೆ 1,000 ರೂಪಾಯಿ ದೊರೆಯುತ್ತಿದೆ. ಆದರೆ ಅನುದಾನಿತ ಶಾಲೆಗಳ ಮಕ್ಕಳಿಗೆ ಈ ಸೌಲಭ್ಯವನ್ನು ಕೊಡುವಾಗ ತಮಿಳು ಮಾಧ್ಯಮದಲ್ಲಿ ಓದಿದವರೆಂಬ ಮಾತು ಸೇರಿಕೊಂಡಿತು. ಅನುದಾನಿತ ಕನ್ನಡ ಮಾಧ್ಯಮ ಶಾಲೆಯ ಬಡ ಮಗುವೂ ಅದೇ ಊರಿನ ಅದೇ ಬಡತನದ ಮಗು. ಅಲ್ಪಸಂಖ್ಯಾತ ಭಾಷಾ ಮಾಧ್ಯಮವನ್ನೂ ಆ ವಾಕ್ಯದಲ್ಲಿ ಸೇರಿಸಬೇಕೆಂಬುದು ನಮ್ಮ ಶಾಲೆಗಳ ಪೋಷಕರ ಸಂಘಗಳು ಒಟ್ಟಾಗಿ ಎತ್ತಬೇಕಾದ ಬೇಡಿಕೆ. ವಿಸ್ತರಣೆಗೆ ತಗಲುವ ಹಣ ಅಲ್ಪ, ನ್ಯಾಯ ದೊಡ್ಡದು.

'ಗಂಗಮ್ಮ' ಮತ್ತು 'ಕಂಗಮ್ಮ'

ಈ ನಾಲ್ಕೂ ಕಡೆ ಮರಳಿ ಮರಳಿ ಎದುರಾಗುವ ಒಂದು ಚಿಕ್ಕ ತೊಡಕಿದೆ. ತಮಿಳು ಲಿಪಿಯಲ್ಲಿ ಕ-ಗ, ಪ-ಬ, ತ-ದ ಜೋಡಿಗಳಿಗೆ ಒಂದೊಂದೇ ಅಕ್ಷರ. ತಮಿಳಿಗೆ ಅದು ಸಹಜ ಮತ್ತು ಸಾಲುತ್ತದೆ. ನಮ್ಮ ಗಂಗಮ್ಮನ ಹೆಸರನ್ನು ಪಡಿತರ ಚೀಟಿಯಲ್ಲಿ ತಮಿಳಿನಲ್ಲಿ ಬರೆದು, ಅದನ್ನು ನೋಡಿ ಇನ್ನೊಬ್ಬರು ಇಂಗ್ಲಿಷಿಗೆ ಇಳಿಸಿದಾಗ 'ಕಂಗಮ್ಮ' ಆಗುತ್ತಾಳೆ. ಬಸಪ್ಪ 'ಪಸಪ್ಪ' ಆಗುತ್ತಾನೆ. ಆಧಾರದಲ್ಲಿ ಒಂದು ಹೆಸರು, ಪಟ್ಟಾದಲ್ಲಿ ಒಂದು, ಬ್ಯಾಂಕಿನಲ್ಲಿ ಮತ್ತೊಂದು. ಹಿಂದೆ ಗ್ರಾಮ ಆಡಳಿತಾಧಿಕಾರಿಗೆ ಮುಖಪರಿಚಯವಿರುತ್ತಿತ್ತು, ಕೆಲಸ ನಡೆಯುತ್ತಿತ್ತು. ಇಂದು ಹೆಸರು ಹೋಲಿಸಿ ನೋಡುವುದು ಯಂತ್ರ. ರೈತರಿಗೆ ಪ್ರತ್ಯೇಕ ಗುರುತು ಸಂಖ್ಯೆ ಕೊಡುವ ನೋಂದಣಿ 2025ರಲ್ಲಿ ತಮಿಳುನಾಡಿನಲ್ಲೂ ನಡೆದ ಮೇಲೆ, ಹೊಲದ ದಾಖಲೆಗೂ ಆಧಾರಿಗೂ ಹೆಸರು ಹೊಂದದಿದ್ದರೆ ಕಂತು ನಿಲ್ಲುವ ಅಪಾಯ ಇನ್ನಷ್ಟು ಹೆಚ್ಚಿದೆ. ನಮ್ಮ ಮಕ್ಕಳ ಶಾಲಾ ದಾಖಲೆಯಲ್ಲೂ ಇದೇ ತಪ್ಪು ಮೊಳೆಯುತ್ತದೆ. ಒಂದನೆಯ ತರಗತಿಗೆ ಸೇರಿಸುವ ದಿನವೇ ಮೂರೂ ಲಿಪಿಗಳಲ್ಲಿ ಹೆಸರನ್ನು ಕೂಡಿಸಿ ನೋಡಿದರೆ, ಇಪ್ಪತ್ತು ವರ್ಷಗಳ ಬಳಿಕದ ಅಲೆದಾಟ ತಪ್ಪುತ್ತದೆ.

ತಮಿಳು ಕಲಿತರೆ ಇವೆಲ್ಲ ಬಗೆಹರಿಯುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮಕ್ಕಳು ತಮಿಳು ಕಲಿಯುತ್ತಿದ್ದಾರೆ, ಕಲಿಯಬೇಕು. ಬಾಳುವ ನಾಡಿನ ಭಾಷೆಯನ್ನು ಅರಿಯದೆ ಬದುಕು ಸಾಗದು. ಆದರೆ ಮಕ್ಕಳು ಕಲಿತು ದೊಡ್ಡವರಾಗುವವರೆಗೆ ನಲವತ್ತು, ಐವತ್ತು ದಾಟಿದ ತಾಯಿಯ ಉಳಿತಾಯ ಕಾಯುವುದಿಲ್ಲ. ಈ ಕೋರಿಕೆ ತಮಿಳಿನ ವಿರುದ್ಧವಲ್ಲ. ಲೆಕ್ಕ ಹಣ ಹಾಕಿದವಳಿಗೆ ಅರ್ಥವಾಗಲಿ ಎಂಬುದಷ್ಟೇ ಅದರ ಸಾರ.

ಈ ಕೋರಿಕೆಗೆ ಆಧಾರವೂ ಇದೆ. ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ 350ಎ ಮತ್ತು 350ಬಿ ವಿಧಿಗಳು ಸೇರಿ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೂ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೂ ಅವಕಾಶವಾಯಿತು. ಜಿಲ್ಲೆಯಲ್ಲೋ ತಾಲೂಕಿನಂಥ ಚಿಕ್ಕ ಘಟಕದಲ್ಲೋ ಶೇ. 15ರಷ್ಟು ಜನರು ಆಡುವ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳನ್ನು ಹೊರಡಿಸಬೇಕೆಂಬುದು ರಾಜ್ಯಗಳೂ ಕೇಂದ್ರವೂ ಒಪ್ಪಿದ ರಕ್ಷಣಾ ಕ್ರಮಗಳಲ್ಲೊಂದು. ಮಾಹಿತಿ ಹಕ್ಕು ಕಾಯ್ದೆಯ 4(4)ನೆಯ ಕಲಮು ಸಾರ್ವಜನಿಕ ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆನ್ನುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯು ಕಾಸರಗೋಡಿನಂಥ ಕಡೆ ಕನ್ನಡಿಗರಿಗೆ ಕನ್ನಡದಲ್ಲೇ ಸರ್ಕಾರದೊಡನೆ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಅಲ್ಲಿ ಆಚರಣೆ ಪರಿಪೂರ್ಣವೆಂದು ನಾವು ಹೇಳುತ್ತಿಲ್ಲ. ದಾರಿ ಇದೆ ಎಂಬುದಕ್ಕೆ ಅದು ನಿದರ್ಶನ.

ಈಗ ಮಾಡಬಹುದಾದದ್ದು

ಮೊದಲನೆಯದು ನಮ್ಮ ಕೈಯಲ್ಲೇ ಇದೆ. ಸಂಘದ ಲೆಕ್ಕ ತಮಿಳಿನಲ್ಲಿರಲಿ, ಇಲಾಖೆಗೆ ಅದು ಬೇಕು. ಅದರ ಜೊತೆಗೆ ಪ್ರತಿ ಸದಸ್ಯೆಗೂ ಕನ್ನಡದಲ್ಲಿ ಒಂದು ಚಿಕ್ಕ ಕೈಪುಸ್ತಕ ಇರಲಿ: ದಿನಾಂಕ, ಉಳಿತಾಯ, ಸಾಲ, ಬಾಕಿ ಎಂಬ ನಾಲ್ಕೇ ಕಲಮು. ಪ್ರತಿ ಸಭೆಯ ಕೊನೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳುವ ವಾಡಿಕೆ ಬೆಳೆಯಲಿ. ನಮ್ಮ ಶಾಲೆಯಲ್ಲಿ ಓದಿ ಮುಗಿಸಿದ, ಎರಡೂ ಭಾಷೆ ಬಲ್ಲ ಹೆಣ್ಣುಮಕ್ಕಳು ಲೆಕ್ಕ ಬರೆಯುವ ಕೆಲಸಕ್ಕೆ ಬರಲಿ. ಇನ್ನೂ ಓದುತ್ತಿರುವ ಮಕ್ಕಳನ್ನು ಪಾಠ ಬಿಡಿಸಿ ಕಚೇರಿಗೆ ಕರೆದೊಯ್ಯುವುದು ಮಾತ್ರ ಬೇಡ. ಒಂದು ಅರ್ಜಿಗಾಗಿ ಒಂದು ದಿನದ ಪಾಠ ಕಳೆಯುವುದು ನಷ್ಟದ ವ್ಯಾಪಾರ.

ಎರಡನೆಯದು ಸರ್ಕಾರವನ್ನು ಕೇಳಬೇಕಾದದ್ದು. ಕನ್ನಡಿಗರು ಗಣನೀಯವಾಗಿರುವ ಪಂಚಾಯಿತಿಗಳಲ್ಲಿ ಸಂಘ, ಬೆಳೆವಿಮೆ, ಮೀನುಗಾರಿಕೆಯ ಅರ್ಜಿ ನಮೂನೆಗಳಿಗೆ ಕನ್ನಡದ ವಿವರಣಾ ಹಾಳೆ. ಸಂಘಗಳ ತರಬೇತಿಗೆ ಕನ್ನಡ ಬಲ್ಲ ಸಂಪನ್ಮೂಲ ವ್ಯಕ್ತಿ. ಹೆಸರು ತಿದ್ದುಪಡಿಗೆ ವರ್ಷಕ್ಕೊಮ್ಮೆ ಊರಿನಲ್ಲೇ ಶಿಬಿರ. ಇವುಗಳಿಗೆ ಹೊಸ ಕಾನೂನು ಬೇಕಿಲ್ಲ, ಅಪಾರ ಹಣವೂ ಬೇಕಿಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ನೆರವು ಕೊಡುತ್ತದೆ. ಕಟ್ಟಡ, ಉತ್ಸವಗಳ ಜೊತೆಗೆ ಇಂಥ ಕೈಪುಸ್ತಕ, ವಿವರಣಾ ಹಾಳೆಗಳ ಮುದ್ರಣಕ್ಕೂ ಅದನ್ನು ಕೇಳಬಹುದು.

ಕೇಳುವ ಜಾಗವೂ ದಿನವೂ ಗೊತ್ತಾಗಿವೆ. ಕಾರಿಮಂಗಲಂ ಪಟ್ಟಣ ಪಂಚಾಯಿತಿಯಾದುದರಿಂದ ಅಲ್ಲಿ ಗ್ರಾಮಸಭೆಯಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ವರ್ಷಕ್ಕೆ ಆರು ಗ್ರಾಮಸಭೆಗಳು ನಡೆಯಬೇಕು: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಕೊನೆಯ ದಿನವನ್ನು ತಮಿಳುನಾಡು ಸ್ಥಳೀಯ ಆಡಳಿತ ದಿನವೆಂದು ಆಚರಿಸುತ್ತದೆ. ನಮಗೆ ಅದು ರಾಜ್ಯೋತ್ಸವದ ದಿನ. ಶಾಲೆಯಂಗಳದಲ್ಲಿ ಮಕ್ಕಳ ಹಾಡು ಮುಗಿದ ಮೇಲೆ ತಾಯಿತಂದೆಯರು ಮನೆಗೆ ಮರಳುವ ಮುನ್ನ ಗ್ರಾಮಸಭೆಗೆ ಹೋಗಲಿ. ಕೈಯಲ್ಲಿ ಕನ್ನಡದ ಒಂದು ಮನವಿ, ಅದರ ಕೆಳಗೆ ತಮಿಳಿನ ಪ್ರತಿ, ಸಂಘದ ಎಲ್ಲರ ರುಜು. ಮನವಿಯನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿಕೊಳ್ಳುವವರೆಗೂ ಅಲ್ಲೇ ಕುಳಿತಿರಲಿ.